ಒಂದು ಎ ಸಾಲದು

ಮೂರನೆಯದೂ ಹೆಣ್ಣೇ ಅಂದಾಗ ನಮ್ಮಪ್ಪ
ತೊಟ್ಟಿಲಿಗೆ ಬೆನ್ನು ಹಾಕಿಕೊಂಡೇ ಇಟ್ಟ ಹೆಸರು, ಸಾಕಮ್ಮ.
ಕನ್ನಡದಲ್ಲಿ ಅದು ತಪ್ಪಾಗುವ ದಾರಿಯೇ ಇಲ್ಲ,
ಸಾ ಅಂದರೆ ಸಾ.
ಇಂಗ್ಲಿಷಿಗೆ ಹೋದಾಗಲೇ ತಕರಾರು:
ಆಧಾರ್ ಕಾರ್ಡಿನ ಸಾಗೆ ಒಂದೇ ಎ,
ಗಾರ್ಮೆಂಟ್ಸಿನ ಎಚ್ಚಾರ್ ಹುಡುಗಿ, ಒಳ್ಳೇ ಮನಸ್ಸಿನವಳು,
ಇನ್ನೊಂದು ಸೇರಿಸಿ ಉದ್ದ ಮಾಡಿದಳು.
ಹನ್ನೊಂದು ವರ್ಷ ಆ ಎರಡು ಎ ಇರುವವಳು
ನನ್ನ ಸಂಬಳದಲ್ಲಿ ಇಎಸ್‌ಐ ಕಟ್ಟಿದಳು.
ಕೆಲಸ ಹೋದ ಮೇಲೆ ಭತ್ಯೆ ಕೇಳಲು ಬಂದಿರುವವಳು
ಒಂದು ಎ ಇರುವವಳು.

ಸುಂಕದಕಟ್ಟೆಯ ಸೈಬರಿನಲ್ಲಿ
ನಾನೂ ಕಟಿಂಗ್ ಸೆಕ್ಷನ್ನಿನ ನಸೀಮಾಳೂ
ಒಟಿಪಿಗೆ ಕಾಯುತ್ತೇವೆ, ಹೆರಿಗೆ ವಾರ್ಡಿನ ಹೊರಗೆ ಕಾದ ಹಾಗೆ.
ಅದು ಹೋಗುವುದು ಹಳೇ ನಂಬರಿಗೆ.
ಹಳೇ ನಂಬರು ತಮ್ಮನ ಹತ್ತಿರ, ತಮ್ಮ ಆಟೋದಲ್ಲಿ.
'ಸಿಗ್ನಲ್ ಬೀಳ್ಲಿ, ನೋಡಿ ಹೇಳ್ತೀನಿ ಇರಕ್ಕ.'
ಊರಿಗೆ ಊರೇ ಹಸಿರು ಬೇಡುವ ಗೊರಗುಂಟೆಪಾಳ್ಯದಲ್ಲಿ
ಕೆಂಪು ಬೀಳಲಪ್ಪಾ ಎಂದು ಹರಕೆ ಹೊತ್ತವಳು ನಾನೊಬ್ಬಳೇ.
ಬಿತ್ತು.
ಅಷ್ಟರಲ್ಲಿ ಆರೂ ಅಂಕಿ ಸತ್ತಿದ್ದವು.

ಬಿನ್ನಿಪೇಟೆಯ ಕೌಂಟರಿನವರು ಕೆಟ್ಟವರಲ್ಲ.
ಮೇಡಂ ಅಂತಾರೆ.
ಹನ್ನೊಂದು ವರ್ಷದಲ್ಲಿ ಸೂಪರ್‌ವೈಸರ್ ಬಾಯಲ್ಲಿ ಬಾರದ ಮಾತು.
'ನೀವಾಗಿ ಬಿಟ್ಟಿರೋ, ಅವರು ಬಿಡಿಸಿದರೋ?
ಮಾಲೀಕರ ಸಹಿ, ಸೀಲು ತನ್ನಿ ಮೇಡಂ.'

ಪೀಣ್ಯದ ಗೇಟಿಗೆ ಬೀಗ.
ಮಷೀನುಗಳು ಲಾರಿ ಹತ್ತಿ ಹೋದವು,
ಮಾಲೀಕರು ಅದಕ್ಕೂ ಮೊದಲು.
ಉಳಿದಿರುವುದು ವಾಚ್‌ಮನ್ ತಿಪ್ಪೇರುದ್ರಣ್ಣ,
ಒಂದು ಪ್ಲಾಸ್ಟಿಕ್ ಕುರ್ಚಿ, ಬಾಲವಿಲ್ಲದ ನಾಯಿ.
'ಹೋಗು ಅಂತ ನನಗ್ಯಾರೂ ಹೇಳಿಲ್ಲ ಕಣಮ್ಮ,
ಅದಕ್ಕೇ ಐದೀನಿ. ಸಂಬಳ ಬಂದು ನಾಲ್ಕು ತಿಂಗಳಾತು.'
ನನಗೆ ಕೆಲಸವಿಲ್ಲ, ಅವನಿಗೆ ಸಂಬಳವಿಲ್ಲ,
ಯಾವ ಫಾರಮ್ಮಿನಲ್ಲಿ ಅವನಿಗೊಂದು ಖಾನೆ ಇದೆಯೋ ಕಾಣೆ.
ಸಹಿಯೂ ಇಲ್ಲ, ಸೀಲೂ ಇಲ್ಲ.
ಗೇಟಿನ ರಿಜಿಸ್ಟರ್ ಒಂದಿತ್ತು, ತೆಗೆದು ತೋರಿಸಿದ.
ಕೊನೇ ದಿನ, ಅವನದೇ ಕೈಬರಹ:
ಸಾಕಮ್ಮ. ಒಳಗೆ ಎಂಟೂ ಇಪ್ಪತ್ತೈದು, ಹೊರಗೆ ಎರಡೂ ಹತ್ತು.
ನನ್ನ ಹೆಸರು ತಪ್ಪಿಲ್ಲದೆ ಇದ್ದ ಏಕೈಕ ದಾಖಲೆ
ಎಲ್ಲಿಯೂ ಅಪ್‌ಲೋಡ್ ಆಗುವುದಿಲ್ಲ.
ಆದರೂ ಫೋಟೋ ತೆಗೆದುಕೊಂಡೆ.

ಫಾರಮ್ಮಿನ ಕೊನೆಗೊಂದು ಚೌಕ:
'ನಾನು ಸದ್ಯ ಯಾವ ಕೆಲಸವನ್ನೂ ಮಾಡುತ್ತಿಲ್ಲ.'
ರಾತ್ರಿ ಹನ್ನೊಂದರ ತನಕ ಸೀರೆಗೆ ಫಾಲ್ ಹೊಲಿಯುತ್ತೇನೆ,
ಒಂದಕ್ಕೆ ನಲವತ್ತು, ದಾರ ನನ್ನದೇ.
ಇದು ಕೆಲಸವೋ? ನಸೀಮಾಳನ್ನು ಕೇಳಿದೆ.
'ಕೆಲಸ ಅಂದ್ರೆ ಭತ್ಯೆ ಇಲ್ಲ,
ಕೆಲಸ ಅಲ್ಲ ಅಂದ್ರೆ ಅನ್ನ ಇಲ್ಲ. ಒತ್ತು ಸುಮ್ನೆ.'
ಒತ್ತಿದೆ.
ಒತ್ತಿದ ಬೆರಳಲ್ಲಿ ಸೂಜಿ ಚುಚ್ಚಿದ್ದು ಇನ್ನೂ ಹಸಿ.

ತೆರೆಯ ಮೇಲೆ ಬಂತು: ದಾಖಲೆ ಸಾಲದು.
ಸಾಲದು!
ಅಪ್ಪ ಬದುಕಿದ್ದರೆ ತೋರಿಸಬಹುದಿತ್ತು,
ನೀನು ಸಾಕು ಅಂದೆ, ಸರ್ಕಾರ ಒಪ್ಪುತ್ತಿಲ್ಲ ನೋಡು.

ಕೊನೆಗೆ ಕೋರ್ಟಿನ ಎದುರು, ಹೊಂಗೆ ಮರದ ಕೆಳಗೆ,
ಕೊಡೆ ಬಿಚ್ಚಿ ಕೂತ ನೋಟರಿಯ ಮುಂದೆ ನಿಂತೆ.
ಒಂದು ಎ ಇರುವ ನಾನೂ, ಎರಡು ಎ ಇರುವ ನಾನೂ
ಒಬ್ಬಳೇ ಎಂದು ಪ್ರಮಾಣ ಮಾಡುವ ಕಾಗದ.
ಛಾಪಾ, ಟೈಪಿಂಗು, ನೋಟರಿ ಸೇರಿ ಹದಿಮೂರು ಸೀರೆಯ ಫಾಲು.
'ಇಲ್ಲಿ ಸೈನ್ ಹಾಕಿ.'
ಕನ್ನಡದಲ್ಲೇ ಹಾಕಿದೆ.
ಸಾ ಬರೆದು ಅದರ ದೀರ್ಘವನ್ನು ಎಳೆದೆ,
ಇನ್ನಷ್ಟು ಎಳೆದೆ, ಛಾಪಾ ಕಾಗದದ ಅಂಚಿನವರೆಗೆ,
ಮುಂದಿನ ಅಕ್ಷರಗಳಿಗೆ ಜಾಗವೇ ಉಳಿಯದ ಹಾಗೆ.

'ಸಾಕಮ್ಮಾ, ಸಾಕು' ಅಂದರು ನೋಟರಿ.

ಕೈ ತಡೆದರೋ, ಹೆಸರು ಹಿಡಿದು ಕರೆದರೋ.
ನಾನಂತೂ ಹ್ಞೂಂ ಅಂದೆ.